ತೊಳೆಯುವ ಕೆಲಸ ಎಲ್ಲಿ ಹೋಯಿತು? ಜೈವಿಕ ಔಷಧ ತಯಾರಿಕೆಯಲ್ಲಿ ಏಕಬಳಕೆ ತಂತ್ರಜ್ಞಾನ

ಸ್ಟೇನ್‌ಲೆಸ್ ಸ್ಟೀಲಿನ ಬಯೋರಿಯಾಕ್ಟರಿನಲ್ಲಿ ಒಂದು ಬ್ಯಾಚ್ ಮುಗಿದ ಕೂಡಲೇ ಮುಂದಿನದು ಶುರುವಾಗುವುದಿಲ್ಲ. ಪಾತ್ರೆಯನ್ನೂ ಅದಕ್ಕೆ ಸೇರಿದ ಕೊಳವೆ, ವಾಲ್ವ್‌ಗಳನ್ನೂ ಕಾಸ್ಟಿಕ್ ದ್ರಾವಣದಿಂದ ತೊಳೆದು, ಇಂಜೆಕ್ಷನ್ ದರ್ಜೆಯ ನೀರಿನಲ್ಲಿ ಜಾಲಿಸಿ, 121 ಡಿಗ್ರಿ ಸೆಲ್ಸಿಯಸ್‌ಗೆ ಕಡಿಮೆಯಿಲ್ಲದ ಹಬೆ ಹಾಯಿಸಬೇಕು. ಹಿಂದಿನ ಔಷಧದ ಶೇಷ ನಿಗದಿತ ಮಿತಿಯೊಳಗಿದೆಯೆಂದು ಪರೀಕ್ಷೆಯಿಂದ ತೋರಿಸಿ ದಾಖಲಿಸಬೇಕು. ಒಂದೇ ಪಾತ್ರೆಯಲ್ಲಿ ಬೇರೆ ಬೇರೆ ಔಷಧ ತಯಾರಿಸುವ ಕಡೆ ಈ ಹೊರೆ ಇನ್ನೂ ಹೆಚ್ಚು.

ಗಾಮಾ ಕಿರಣದಿಂದ ಮೊದಲೇ ಕ್ರಿಮಿರಹಿತವಾಗಿ ಬರುವ ಪ್ಲಾಸ್ಟಿಕ್ ಚೀಲ ಈ ಹೊರೆಯನ್ನು ಕಾರ್ಖಾನೆಯಿಂದ ಇಳಿಸಿತು. ಅಲೆಯಾಡುವ ಚೀಲದಲ್ಲಿ ಕೋಶಗಳನ್ನು ಬೆಳೆಸುವ ವಿಧಾನವನ್ನು ವಿಜಯ್ ಸಿಂಗ್ ಅವರು 1999ರಲ್ಲಿ 'ಸೈಟೋಟೆಕ್ನಾಲಜಿ' ಪತ್ರಿಕೆಯಲ್ಲಿ ವಿವರಿಸಿದರು. ತೊಟ್ಟಿಲಿನಂತೆ ಓಲಾಡುವ ಹಲಗೆಯ ಮೇಲೆ ಚೀಲ, ಅದರೊಳಗೆ ಎದ್ದು ಬೀಳುವ ಅಲೆಗಳ ಮೂಲಕವೇ ಆಮ್ಲಜನಕ. ಮುಂದೆ ಕಲಕುವ ರೆಕ್ಕೆಯನ್ನೂ ಒಳಗೇ ಜೋಡಿಸಿದ ದೊಡ್ಡ ಚೀಲಗಳು ಬಂದವು. ಇಂದು 2000 ಲೀಟರು ಸಾಮಾನ್ಯ ಗಾತ್ರ. ಚೀಲ ಬದಲಿಸಲು ಗಂಟೆಗಳು ಸಾಕು. ತೊಳೆಯುವ ಕೆಲಸ ಇಲ್ಲವಾಗಿಲ್ಲ, ಜಾಗ ಬದಲಿಸಿದೆ ಎಂಬುದು ಈ ಲೇಖನದ ವಾದ. ಅದರ ಒಂದು ಪಾಲು ಚೀಲ ತಯಾರಿಸುವವರ ಕಡೆಗೂ, ಇನ್ನೊಂದು ಪಾಲು ನೌಕರರ ಕೈಗೂ, ಮತ್ತೊಂದು ಸರಬರಾಜಿನ ಸರಪಳಿಗೂ ಹೋಗಿದೆ. ದಕ್ಷತೆಯ ಲೆಕ್ಕದಲ್ಲಿ ಈ ಮೂರೂ ಸೇರಬೇಕು.

ಚೀಲಕ್ಕೆ ಕಾಲ ಕೂಡಿಬಂದದ್ದು ಚೀಲದ ಗುಣದಿಂದ ಮಾತ್ರವಲ್ಲ. ಲೀಟರಿಗೆ ಅರ್ಧ ಗ್ರಾಂ ಪ್ರತಿಕಾಯ ಸಿಗುತ್ತಿದ್ದ ಕಾಲದಲ್ಲಿ 10 ಕಿಲೋ ಬೇಕೆಂದರೆ 20,000 ಲೀಟರಿನ ಪಾತ್ರೆ ಬೇಕಿತ್ತು. ಕೋಶಗಳ ಆಯ್ಕೆ, ಪೋಷಕ ದ್ರಾವಣ ಸುಧಾರಿಸಿ ಇಳುವರಿ 5 ಗ್ರಾಂ ಮುಟ್ಟಿದಾಗ ಅಷ್ಟೇ ಮಾಲು 2000 ಲೀಟರಿನಲ್ಲಿ ಸಿಗತೊಡಗಿತು. ಹಾಗಾಗಿ ಸುಧಾರಣೆಯ ಶ್ರೇಯಸ್ಸನ್ನೆಲ್ಲ ಪ್ಲಾಸ್ಟಿಕ್ಕಿಗೆ ಕೊಡುವ ಮಾರಾಟಗಾರರ ಬರಹಗಳನ್ನು ಸ್ವಲ್ಪ ಎಚ್ಚರದಿಂದಲೇ ಓದಬೇಕು. ಮೇಲಾಗಿ, ಇಳುವರಿ ಹೆಚ್ಚಿದಷ್ಟೂ ಇಕ್ಕಟ್ಟು ಶುದ್ಧೀಕರಣದ ಹಂತಕ್ಕೆ ಸರಿಯುತ್ತದೆ. ಅಲ್ಲಿ ಬಳಸುವ ಪ್ರೊಟೀನ್-ಎ ರೆಸಿನ್ ಬಹಳ ದುಬಾರಿ. ಒಮ್ಮೆ ಬಳಸಿ ಎಸೆಯಲು ಯಾರಿಗೂ ಮನಸ್ಸಾಗದು. 'ಪೂರ್ಣ ಏಕಬಳಕೆ' ಎನಿಸಿಕೊಳ್ಳುವ ಕಾರ್ಖಾನೆಗಳಲ್ಲೂ ಈ ರೆಸಿನ್ ತುಂಬಿದ ಕಾಲಮ್ಮನ್ನು ತೊಳೆದು ಮತ್ತೆ ಮತ್ತೆ ಬಳಸುವುದುಂಟು.

ಇನ್ನು ಚೀಲದ ರಸಾಯನ. ಪ್ಲಾಸ್ಟಿಕ್ಕು ಬೇಗ ಹಾಳಾಗದಂತೆ ತಯಾರಕರು ಅದಕ್ಕೆ ಇರ್ಗಾಫಾಸ್ 168ರಂಥ ಉತ್ಕರ್ಷಣ ನಿರೋಧಕ ಬೆರೆಸುತ್ತಾರೆ. ಗಾಮಾ ಕಿರಣ ತಾಗಿದಾಗ ಅದು ಒಡೆದು, ಬಿಡಿಟಿಬಿಪಿಪಿ ಎಂದು ಚುಟುಕಾಗಿ ಕರೆಯುವ ಫಾಸ್ಫೇಟ್ ಸಂಯುಕ್ತ ಹುಟ್ಟುತ್ತದೆ. ಚೀಲದಿಂದ ದ್ರಾವಣಕ್ಕೆ ಇಳಿಯುವ ಈ ವಸ್ತು ಅತ್ಯಲ್ಪ ಪ್ರಮಾಣದಲ್ಲೂ ಸಸ್ತನಿ ಕೋಶಗಳ ಬೆಳವಣಿಗೆಯನ್ನು ಕುಗ್ಗಿಸುತ್ತದೆಂದು ಆಮ್ಜೆನ್ ಕಂಪನಿಯ ವಿಜ್ಞಾನಿಗಳು 2013ರಲ್ಲಿ ತೋರಿಸಿದರು. ಚೀಲವನ್ನು ಕ್ರಿಮಿರಹಿತ ಮಾಡುವ ಕಿರಣವೇ ಕೋಶಕ್ಕೆ ಆಗದ ವಸ್ತುವನ್ನು ಹುಟ್ಟಿಸಿತ್ತು. ಉಕ್ಕಿನ ಪಾತ್ರೆಯ ಒಳಮೈ ಹೇಗಿದೆಯೆಂದು ಕಾರ್ಖಾನೆಯವರೇ ಪರೀಕ್ಷಿಸಬಲ್ಲರು. ಚೀಲದ ಪದರಗಳಲ್ಲಿ ಏನೇನು ಬೆರೆತಿದೆ ಎಂಬುದಕ್ಕೆ ಸರಬರಾಜುದಾರರ ಮಾತನ್ನೇ ನೆಚ್ಚಬೇಕು; ಅವರು ಫಿಲ್ಮಿನ ಮಿಶ್ರಣ ಬದಲಿಸಿದರೆ ಔಷಧ ತಯಾರಕರ ಅಧ್ಯಯನ ಮತ್ತೆ ಮೊದಲಿನಿಂದ.

ಕೈಗೆಲಸವೂ ಹೆಚ್ಚುತ್ತದೆ. ಎರಡು ಹೊದಿಕೆ ಬಿಚ್ಚಿ, ಮಡಿಕೆಗಳನ್ನು ಒಂದೊಂದಾಗಿ ಸಡಿಲಿಸುತ್ತಾ ಚೀಲವನ್ನು ಉಕ್ಕಿನ ತೊಟ್ಟಿಯೊಳಗೆ ಇಳಿಬಿಡಬೇಕು. ಗಾಳಿ ತುಂಬಿ ಒತ್ತಡ ನಿಲ್ಲುತ್ತದೆಯೇ ಎಂದು ಕಾಯಬೇಕು. ಆಮೇಲೆ ಹತ್ತಾರು ಟ್ಯೂಬುಗಳನ್ನು ಕ್ರಿಮಿರಹಿತ ಕನೆಕ್ಟರಿನಿಂದಲೋ ವೆಲ್ಡರಿನಿಂದಲೋ ಕೂಡಿಸಬೇಕು. ಹೊರಗಿನ ರಟ್ಟಿನ ಪೆಟ್ಟಿಗೆ ಕತ್ತರಿಸುವಾಗ ಬ್ಲೇಡು ಒಂದಿಷ್ಟು ಆಳಕ್ಕೆ ಇಳಿದರೂ ಇಡೀ ಬ್ಯಾಚ್ ಹೋಗಬಹುದು.

ಚೀಲ ಬದಲಿಸಿ ಬೇರೆ ಔಷಧಕ್ಕೆ ಬೇಗ ಹೊಂದಿಕೊಳ್ಳುವ ಗುಣದ ನಿಜವಾದ ಪರೀಕ್ಷೆ ನಡೆದದ್ದು ಬಾಲ್ಟಿಮೋರಿನ ಬೇವ್ಯೂನಲ್ಲಿ. ಮಹಾಮಾರಿಯಂಥ ತುರ್ತಿನಲ್ಲಿ ಬೇಗ ಲಸಿಕೆ ತಯಾರಿಸಬಲ್ಲ ಕೇಂದ್ರಗಳಿಗಾಗಿ ಅಮೆರಿಕ ಸರ್ಕಾರ 2012ರಲ್ಲಿ ಮಾಡಿಕೊಂಡ ಒಪ್ಪಂದಗಳಲ್ಲಿ ಒಂದು ಎಮರ್ಜೆಂಟ್ ಬಯೋಸೊಲ್ಯೂಷನ್ಸ್ ಕಂಪನಿಯ ಜೊತೆಗಿತ್ತು. ಅದರ ಬೇವ್ಯೂ ಘಟಕದಲ್ಲಿ ಕೋವಿಡ್ ಕಾಲದಲ್ಲಿ ಜಾನ್ಸನ್ ಅಂಡ್ ಜಾನ್ಸನ್ ಮತ್ತು ಆಸ್ಟ್ರಾಜೆನೆಕಾ ಎರಡರ ಲಸಿಕೆಯ ಮೂಲದ್ರವ್ಯವೂ ತಯಾರಾಗುತ್ತಿತ್ತು. ಎರಡೂ ಅಡೆನೊವೈರಸ್ ಆಧಾರಿತ. 2021ರ ಆರಂಭದಲ್ಲಿ ಆಸ್ಟ್ರಾಜೆನೆಕಾದ ವೈರಸ್ ಜಾನ್ಸನ್ ಬ್ಯಾಚಿಗೆ ಸೇರಿ, ಸುಮಾರು 1.5 ಕೋಟಿ ಡೋಸಿನಷ್ಟು ಮಾಲು ಹಾಳಾಯಿತು. ಆ ವರ್ಷದ ಏಪ್ರಿಲ್‌ನ ತಪಾಸಣೆಯಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಎತ್ತಿದ ಆಕ್ಷೇಪಗಳಲ್ಲಿ ತ್ಯಾಜ್ಯದ ಸಾಗಣೆ, ನೌಕರರ ಓಡಾಟ, ತರಬೇತಿಯ ಕೊರತೆ ಸೇರಿದ್ದವು. ಈ ಅವಘಡದಿಂದಾಗಿ ಆಸ್ಟ್ರಾಜೆನೆಕಾದ ಉತ್ಪಾದನೆಯನ್ನು ಅಲ್ಲಿಂದ ತೆಗೆಯಲಾಯಿತು.

ಚೀಲ ಎರಡು ಬ್ಯಾಚುಗಳ ನಡುವೆ ಪಾತ್ರೆಯ ಒಳಮೈಯನ್ನು ಬೇರೆ ಮಾಡುತ್ತದೆ, ಅಷ್ಟೇ. ಗಾಳಿ, ಲಿಫ್ಟು, ಉಡುಪು, ಕಸದ ದಾರಿ ಇವನ್ನು ಬೇರೆ ಮಾಡುವುದು ಅದರ ಕೈಲಿಲ್ಲ. ಅದರಲ್ಲೂ ಒಂದೇ ಸೂರಿನಡಿ ಎರಡು ಜೀವಂತ ವೈರಸ್‌ಗಳಿರುವಾಗ ಪ್ರತಿಕಾಯ ತಯಾರಿಕೆಯ ಅನುಭವವನ್ನು ಹಾಗೆಯೇ ಅನ್ವಯಿಸಲಾಗದು. ಪ್ರತಿಕಾಯದ ಒಂದು ಹನಿ ಪಕ್ಕದ ಬ್ಯಾಚಿಗೆ ಬಿದ್ದರೆ ಹನಿಯಾಗಿಯೇ ಉಳಿಯುತ್ತದೆ. ತನಗೆ ಒಗ್ಗುವ ಕೋಶ ಸಿಕ್ಕಿದರೆ ವೈರಸ್ ಅಲ್ಲಿ ಬೆಳೆಯುತ್ತದೆ.

ಸರಬರಾಜಿನ ಸರಪಳಿಯ ದೌರ್ಬಲ್ಯ ಬಯಲಾದದ್ದೂ ಅದೇ ವರ್ಷ. ರಕ್ಷಣಾ ಉತ್ಪಾದನಾ ಕಾಯ್ದೆಯಡಿ ಅಮೆರಿಕ ತನ್ನ ಲಸಿಕೆಗಳಿಗೆ ಆದ್ಯತೆ ಕೊಟ್ಟಾಗ ಚೀಲ, ಫಿಲ್ಟರುಗಳು ಬೇರೆ ದೇಶಗಳಿಗೆ ಸಿಗುವುದು ಕಷ್ಟವಾಯಿತು. ಪುಣೆಯ ಸೀರಂ ಇನ್‌ಸ್ಟಿಟ್ಯೂಟಿನ ಅದಾರ್ ಪೂನಾವಾಲಾ ಕಚ್ಚಾವಸ್ತುಗಳ ರಫ್ತಿನ ತಡೆ ತೆಗೆಯಿರೆಂದು 2021ರ ಏಪ್ರಿಲ್‌ನಲ್ಲಿ ಅಮೆರಿಕದ ಅಧ್ಯಕ್ಷರನ್ನು ಬಹಿರಂಗವಾಗಿ ಕೇಳಿಕೊಂಡರು. ಉಕ್ಕಿನ ಪಾತ್ರೆ ಒಮ್ಮೆ ಕೊಂಡರೆ ಮುಗಿಯಿತು. ಚೀಲವನ್ನು ಬ್ಯಾಚಿಗೊಮ್ಮೆ ಕೊಳ್ಳಬೇಕು. ಹಲವು ಭಾಗಗಳು ಆಯಾ ಕಾರ್ಖಾನೆಯ ಅಳತೆಗೆ ಮಾಡಿಸಿದವಾದ್ದರಿಂದ ಇನ್ನೊಬ್ಬರ ಚೀಲ ತಂದು ಕೂಡಿಸುವುದೂ ಸುಲಭವಲ್ಲ.

ಕರ್ನಾಟಕಕ್ಕೆ ಇದು ದೂರದ ಮಾತಲ್ಲ. ಅದೇ ಬೇವ್ಯೂ ಘಟಕವನ್ನು ಕೊಳ್ಳುವುದಾಗಿ ಬೆಂಗಳೂರಿನ ಸಿಂಜೀನ್ 2025ರ ಮಾರ್ಚ್‌ನಲ್ಲಿ ಪ್ರಕಟಿಸಿತು. ಇದರಿಂದ ತನ್ನ ಏಕಬಳಕೆ ಬಯೋರಿಯಾಕ್ಟರುಗಳ ಒಟ್ಟು ಸಾಮರ್ಥ್ಯ 50,000 ಲೀಟರಿಗೆ ಏರುತ್ತದೆಂದು ಹೇಳಿಕೊಂಡಿತು. ಬೇರೆ ಬೇರೆ ಗ್ರಾಹಕರಿಗೆ ಬೇರೆ ಬೇರೆ ಔಷಧ ಮಾಡಿಕೊಡುವ ಕಂಪನಿಗೆ ಚೀಲ ಸರಿಯಾದ ಆಯ್ಕೆ ಎಂದೇ ನನ್ನ ಎಣಿಕೆ: ಅಲ್ಲಿ ಬ್ಯಾಚುಗಳು ಚಿಕ್ಕವು, ಬದಲಾವಣೆ ಪದೇ ಪದೇ. ಆದರೆ ಸಿಂಜೀನ್‌ನ ಮಾತೃಸಂಸ್ಥೆ ಬಯೋಕಾನ್ ಪಿಕಿಯಾ ಎಂಬ ಯೀಸ್ಟಿನಿಂದ ತೆಗೆಯುವ ಇನ್ಸುಲಿನ್ನಿನ ಲೆಕ್ಕವೇ ಬೇರೆ. ಯೀಸ್ಟು ವೇಗವಾಗಿ ದಟ್ಟವಾಗಿ ಬೆಳೆಯುತ್ತದೆ, ಸಸ್ತನಿ ಕೋಶಕ್ಕಿಂತ ಎಷ್ಟೋ ಪಾಲು ಹೆಚ್ಚು ಆಮ್ಲಜನಕ ಬೇಡುತ್ತದೆ, ಬಹಳ ಶಾಖ ಉಗುಳುತ್ತದೆ. ಪ್ಲಾಸ್ಟಿಕ್ಕಿನ ಗೋಡೆ ಆ ಶಾಖವನ್ನು ಉಕ್ಕಿನಷ್ಟು ಬೇಗ ಹೊರಗೆ ಬಿಡದು. ವರ್ಷವಿಡೀ ಒಂದೇ ಔಷಧ, ಅದೂ ಅಗ್ಗವಾಗಿ, ದೊಡ್ಡ ಪ್ರಮಾಣದಲ್ಲಿ ಬೇಕಾದಲ್ಲಿ ಉಕ್ಕಿನ ಫರ್ಮೆಂಟರಿನ ಜಾಗಕ್ಕೆ ಚೀಲ ಬರುವ ಲಕ್ಷಣ ಸದ್ಯಕ್ಕಿಲ್ಲ.