ಅಲಾಯ್ ಚಕ್ರಗಳಿಗೆ ಗೀರು ಬೀಳದಂತೆ ನಟ್ಟುಗಳನ್ನು ಬಿಚ್ಚುವ ಕ್ರಮ: ವಾಹನ ಮಾಲೀಕರು ಮತ್ತು ಚಾಲಕರಿಗೆ ಮಾಹಿತಿ

1. ಪೀಠಿಕೆ

ಶಿವಮೊಗ್ಗ ಮತ್ತು ಭದ್ರಾವತಿ ನಗರಗಳ ನಡುವಣ ಸೋಗಾನೆಯಲ್ಲಿ ರಾಷ್ಟ್ರಕವಿ ಕುವೆಂಪು ವಿಮಾನ ನಿಲ್ದಾಣವು ದಿನಾಂಕ 27-02-2023ರಂದು ಉದ್ಘಾಟನೆಗೊಂಡಿತು. ಅದೇ ವರ್ಷದ ಆಗಸ್ಟ್ 31ರಿಂದ ವಿಮಾನ ಸಂಚಾರ ಆರಂಭವಾಯಿತು. ತೀರ್ಥಹಳ್ಳಿ, ಹೊಸನಗರ, ಸಾಗರ ಮೊದಲಾದ ಮಲೆನಾಡಿನ ತಾಲ್ಲೂಕುಗಳಿಂದಲೂ ಪ್ರಯಾಣಿಕರು ಕಾರುಗಳಲ್ಲಿ ಇಲ್ಲಿಗೆ ಬರುತ್ತಾರೆ. ವಿಮಾನದ ವೇಳೆ ಸಮೀಪಿಸಿರುವಾಗ ದಾರಿಯಲ್ಲಿ ಟೈರು ಪಂಕ್ಚರ್ ಆದಲ್ಲಿ ಚಕ್ರವನ್ನು ಆತುರದಿಂದ ಬದಲಿಸಬೇಕಾದ ಪರಿಸ್ಥಿತಿ ಒದಗುತ್ತದೆ.

ಆತುರದ ಕೆಲಸದಿಂದ ಎರಡು ಬಗೆಯ ಹಾನಿ ಸಂಭವಿಸಬಹುದು. ಮೊದಲನೆಯದು, ಬೆಲೆಬಾಳುವ ಅಲಾಯ್ ಚಕ್ರಕ್ಕೆ ಗೀರು ಬೀಳುವುದು. ಎರಡನೆಯದು, ನಟ್ಟು ಸರಿಯಾಗಿ ಬಿಗಿಯಾಗದೆ ಓಡುವ ವಾಹನದ ಚಕ್ರ ಸಡಿಲವಾಗುವುದು. ಮೊದಲನೆಯದು ಹಣದ ನಷ್ಟ; ಎರಡನೆಯದು ಪ್ರಾಣಾಪಾಯ. ಮೊದಲನೆಯದನ್ನು ತಪ್ಪಿಸಲು ಹೋಗಿ ಎರಡನೆಯದಕ್ಕೆ ಎಡೆಮಾಡಿಕೊಡದಂತೆ ಅನುಸರಿಸಬೇಕಾದ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

2. ಗೀರು ಬೀಳಲು ಕಾರಣಗಳು

ಅಲಾಯ್ ಚಕ್ರವು ಅಲ್ಯೂಮಿನಿಯಂ ಮಿಶ್ರಲೋಹದಿಂದ ತಯಾರಾದುದು. ಅದರ ಮೇಲೆ ಬಣ್ಣ ಹಾಗೂ ಪಾರದರ್ಶಕ ವಾರ್ನಿಷ್‌ನ ತೆಳುವಾದ ಲೇಪನವಿರುತ್ತದೆ. ನಟ್ಟು ಮತ್ತು ಸ್ಪ್ಯಾನರ್‌ಗಳು ಉಕ್ಕಿನವು. ಉಕ್ಕು ಅಲ್ಯೂಮಿನಿಯಂಗಿಂತ ಗಡಸಾದುದರಿಂದ ಇವೆರಡು ಉಜ್ಜಿದಾಗ ಗೀರು ಬೀಳುವುದು ಚಕ್ರಕ್ಕೇ. ಇದಕ್ಕೆ ಮುಖ್ಯವಾಗಿ ಮೂರು ಕಾರಣಗಳಿವೆ.

(ಅ) ಚಕ್ರದಲ್ಲಿ ನಟ್ಟು ಕೂರುವ ಗುಳಿ ಕಿರಿದಾಗಿದ್ದು, ಸಾಕೆಟ್‌ನ ಹೊರಗೋಡೆ ದಪ್ಪವಾಗಿದ್ದರೆ ಅದು ಗುಳಿಯ ಅಂಚನ್ನು ಉಜ್ಜುತ್ತದೆ.

(ಆ) ಗುಳಿಯಲ್ಲಿ ಸೇರಿದ ಮಣ್ಣು ಮತ್ತು ಮರಳು ಸಾಕೆಟ್‌ನೊಂದಿಗೆ ತಿರುಗಿ ಉಪ್ಪುಕಾಗದದಂತೆ ಕೆಲಸ ಮಾಡುತ್ತದೆ. ಮರಳಿನಲ್ಲಿರುವ ಬೆಣಚುಕಲ್ಲಿನ ಕಣಗಳು ಅಲ್ಯೂಮಿನಿಯಂಗಿಂತ ಬಹಳ ಗಡಸು.

(ಇ) ಸ್ಪ್ಯಾನರ್ ಓರೆಯಾಗಿ ಕೂತಿರುವಾಗ ಅಥವಾ ಅದರ ಮೇಲೆ ಕಾಲಿಟ್ಟು ತುಳಿದಾಗ ಅದು ಜಾರಿ ಚಕ್ರಕ್ಕೆ ಬಡಿಯುತ್ತದೆ. ಆಳವಾದ ಗಾಯಗಳಾಗುವುದು ಇದರಿಂದಲೇ.

ಲೇಪನ ಕಿತ್ತುಹೋದ ಸ್ಥಳದಲ್ಲಿ ನೀರು ಸೇರಿ ಅಲ್ಯೂಮಿನಿಯಂ ಬೆಳ್ಳಗೆ ಪುಡಿಗಟ್ಟುತ್ತದೆ ಹಾಗೂ ಸುತ್ತಲಿನ ಬಣ್ಣ ಏಳಲಾರಂಭಿಸುತ್ತದೆ. ತಿಂಗಳುಗಟ್ಟಲೆ ಮಳೆ ಸುರಿಯುವ ಮಲೆನಾಡಿನಲ್ಲಿ ಸಣ್ಣ ಗೀರನ್ನೂ ಅಲಕ್ಷಿಸುವಂತಿಲ್ಲ.

3. ಅಗತ್ಯ ಸಲಕರಣೆಗಳು

* ನಟ್ಟಿನ ಅಳತೆಗೆ ಸರಿಹೊಂದುವ, ಆರು ಮೂಲೆಯ, ತೆಳುಗೋಡೆಯ ಸಾಕೆಟ್. ಕಾರುಗಳಲ್ಲಿ 17, 19 ಮತ್ತು 21 ಮಿ.ಮೀ. ಅಳತೆಗಳು ಸಾಮಾನ್ಯ. ಹೊರಮೈಗೆ ಪ್ಲಾಸ್ಟಿಕ್ ಕವಚವಿರುವ ಸಾಕೆಟ್ ಅತ್ಯುತ್ತಮ.
* ಕವಚವಿಲ್ಲದಿದ್ದಲ್ಲಿ ಸಾಕೆಟ್‌ನ ಹೊರಮೈಗೆ ಎರಡು ಸುತ್ತು ಇನ್ಸುಲೇಷನ್ ಟೇಪ್ ಸುತ್ತಬಹುದು. ಟೇಪು ಸಾಕೆಟ್‌ನ ಬಾಯಿಯ ಒಳಗೆ ಮಡಚಿಕೊಳ್ಳಬಾರದು.
* ಉದ್ದ ಹಿಡಿಕೆಯ ಸ್ಪ್ಯಾನರ್ ಮತ್ತು ಸಾಧ್ಯವಿದ್ದಲ್ಲಿ ಟಾರ್ಕ್ ವ್ರೆಂಚ್.
* ಒಂದು ಬಾಟಲಿ ನೀರು, ಹತ್ತಿಬಟ್ಟೆ, ಹಳೆಯ ಗೋಣಿಚೀಲ.
* ಲಾಕ್ ನಟ್ಟು ಇರುವ ಕಾರುಗಳಲ್ಲಿ ಅದರ ಕೀಲಿ ಸಾಕೆಟ್.

ಹಿಡಿಕೆಯ ಉದ್ದದ ಮಹತ್ವವನ್ನು ಒಂದು ಲೆಕ್ಕದಿಂದ ತಿಳಿಯಬಹುದು. ನಟ್ಟು ಸಡಿಲಲು 100 ನ್ಯೂಟನ್ ಮೀಟರ್ ತಿರುಚುಬಲ ಬೇಕೆಂದಿಟ್ಟುಕೊಂಡರೆ, 25 ಸೆಂ.ಮೀ. ಹಿಡಿಕೆಯ ತುದಿಯಲ್ಲಿ ಸುಮಾರು 40 ಕಿ.ಗ್ರಾಂ. ಭಾರದಷ್ಟು ಒತ್ತಡ ಹಾಕಬೇಕು. 50 ಸೆಂ.ಮೀ. ಹಿಡಿಕೆಗೆ ಅದರ ಅರ್ಧ ಸಾಕು. ಉದ್ದ ಹಿಡಿಕೆಯಿದ್ದಲ್ಲಿ ತುಳಿಯುವ ಪ್ರಮೇಯ ಬರುವುದಿಲ್ಲ. ಸ್ಪ್ಯಾನರ್ ಜಾರುವ ಸಂಭವವೂ ಕಡಿಮೆ.

4. ಬಿಚ್ಚುವ ಕ್ರಮ

(1) ವಾಹನವನ್ನು ರಸ್ತೆಯಿಂದ ಹೊರಗೆ, ಗಟ್ಟಿಯಾದ ಸಮತಟ್ಟು ನೆಲದಲ್ಲಿ ನಿಲ್ಲಿಸತಕ್ಕದ್ದು. ಎಚ್ಚರಿಕೆ ದೀಪಗಳನ್ನು ಹಾಕಿ, ಹ್ಯಾಂಡ್ ಬ್ರೇಕ್ ಎಳೆದು, ಎಚ್ಚರಿಕೆ ತ್ರಿಕೋನವನ್ನು ಸಾಕಷ್ಟು ಹಿಂದೆ ಇರಿಸಬೇಕು. ಬದಲಿಸುವ ಚಕ್ರಕ್ಕೆ ಕರ್ಣದ ದಿಕ್ಕಿನಲ್ಲಿರುವ ಚಕ್ರಕ್ಕೆ ಕಲ್ಲು ಒಡ್ಡಬೇಕು.

(2) ನಟ್ಟುಗಳ ಮೇಲೆ ಪ್ಲಾಸ್ಟಿಕ್ ಮುಚ್ಚಳಗಳಿದ್ದರೆ ಅದಕ್ಕೆಂದೇ ನೀಡಿರುವ ಚಿಮಟದಿಂದ ತೆಗೆಯಬೇಕು. ಸ್ಕ್ರೂಡ್ರೈವರ್‌ನಿಂದ ಮೀಟಬಾರದು.

(3) ಪ್ರತಿ ಗುಳಿಗೂ ನೀರು ಹೊಯ್ದು ಮಣ್ಣು ತೊಳೆದು, ಬಟ್ಟೆಯಿಂದ ಒರೆಸಬೇಕು. ಸಾಕೆಟ್‌ನ ಒಳಹೊರಗನ್ನೂ ಒರೆಸಬೇಕು.

(4) ಸಾಕೆಟ್ಟನ್ನು ಕೈಯಿಂದ ನೇರವಾಗಿ, ನಟ್ಟಿನ ಬುಡದವರೆಗೆ ಕೂರಿಸಬೇಕು. ಒಂದು ಕೈಯಿಂದ ಸಾಕೆಟ್‌ನ ತಲೆಯನ್ನು ಒತ್ತಿ ಹಿಡಿದು, ಮತ್ತೊಂದು ಕೈಯಿಂದ ಹಿಡಿಕೆಯನ್ನು ಎಡಕ್ಕೆ, ಅಂದರೆ ಗಡಿಯಾರದ ಮುಳ್ಳಿನ ವಿರುದ್ಧ ದಿಕ್ಕಿನಲ್ಲಿ ತಿರುಗಿಸಬೇಕು. ಜ್ಯಾಕ್ ಏರಿಸುವ ಮೊದಲೇ ಪ್ರತಿ ನಟ್ಟನ್ನೂ ಕಾಲು ಸುತ್ತಿನಿಂದ ಅರ್ಧ ಸುತ್ತಿನಷ್ಟು ಮಾತ್ರ ಸಡಿಲಿಸಬೇಕು.

(5) ಕಾರಿನ ಕೈಪಿಡಿಯಲ್ಲಿ ಸೂಚಿಸಿದ ಸ್ಥಳದಲ್ಲಿ ಜ್ಯಾಕ್ ಇಟ್ಟು ಏರಿಸಬೇಕು. ಮುನ್ನೆಚ್ಚರಿಕೆಗಾಗಿ ಸ್ಟೆಪ್ನಿಯನ್ನು ಕಾರಿನ ಅಡಿಯಲ್ಲಿ ಮಲಗಿಸಿಡಬಹುದು. ಯಾರೂ ಕಾರಿನ ಅಡಿಗೆ ಹೋಗಕೂಡದು.

(6) ಉಳಿದ ಸುತ್ತುಗಳನ್ನು ಬೆರಳುಗಳಿಂದಲೇ ತಿರುಗಿಸಿ ನಟ್ಟುಗಳನ್ನು ತೆಗೆಯಬೇಕು. ಅವುಗಳನ್ನು ನೆಲಕ್ಕೆ ಹಾಕದೆ ಬಟ್ಟೆಯ ಮೇಲಿಡಬೇಕು. ಥ್ರೆಡ್‌ಗೆ ಹತ್ತಿದ ಮರಳು ಮರುಜೋಡಣೆಗೆ ತೊಡಕಾಗುತ್ತದೆ.

(7) ಬಿಚ್ಚಿದ ಚಕ್ರವನ್ನು ಗೋಣಿಚೀಲದ ಮೇಲೆ, ಹೊಳಪಿನ ಮುಖ ಮೇಲಾಗಿ ಇಡಬೇಕು.

5. ಕಚ್ಚಿಕೊಂಡ ನಟ್ಟು ಮತ್ತು ಚಕ್ರ

ನಟ್ಟು ತುಕ್ಕು ಹಿಡಿದು ಕದಲದಿದ್ದಲ್ಲಿ ಸ್ಟಡ್‌ನ ತುದಿಗೆ ತುಕ್ಕು ಬಿಡಿಸುವ ಎಣ್ಣೆಯನ್ನು ಕೆಲವೇ ಹನಿ ಬಿಟ್ಟು 15 ನಿಮಿಷ ಕಾಯಬಹುದು. ತಲೆ ಮುಚ್ಚಿದ ನಟ್ಟುಗಳಲ್ಲಿ ಎಣ್ಣೆ ಥ್ರೆಡ್ ತಲುಪುವುದಿಲ್ಲವಾದ್ದರಿಂದ ಸುರಿಯುವುದು ವ್ಯರ್ಥ. ಎಣ್ಣೆ ಬ್ರೇಕ್ ಡಿಸ್ಕ್‌ಗೆ ತಾಗದಂತೆ ನೋಡಿಕೊಂಡು, ಮರುಜೋಡಣೆಗೆ ಮುನ್ನ ಪೂರ್ತಿಯಾಗಿ ಒರೆಸಬೇಕು.

ನಟ್ಟು ಬಿಚ್ಚಿದರೂ ಚಕ್ರ ಹಬ್‌ಗೆ ಅಂಟಿಕೊಂಡಿರುವುದುಂಟು. ಅಲ್ಯೂಮಿನಿಯಂ ಮತ್ತು ಉಕ್ಕಿನ ನಡುವೆ ನೀರು ನಿಂತು ಉಂಟಾಗುವ ತುಕ್ಕು ಇದಕ್ಕೆ ಕಾರಣ. ಸುತ್ತಿಗೆಯಿಂದ ಚಕ್ರಕ್ಕೆ ಹೊಡೆಯಕೂಡದು. ನಟ್ಟುಗಳನ್ನು ಮತ್ತೆ ತೊಡಿಸಿ, ಎರಡು ಸುತ್ತು ಸಡಿಲವಾಗಿರುವಂತೆ ಇಟ್ಟು, ಜ್ಯಾಕ್ಕನ್ನು ನಿಧಾನವಾಗಿ ಇಳಿಸಿದಲ್ಲಿ ಕಾರಿನ ಭಾರಕ್ಕೇ ಚಕ್ರ ಬಿಡಿಸಿಕೊಳ್ಳುತ್ತದೆ. ಈ ಸ್ಥಿತಿಯಲ್ಲಿ ಕಾರನ್ನು ಚಲಿಸಬಾರದು.

6. ಮರುಜೋಡಣೆ: ಮುಖ್ಯ ಎಚ್ಚರಿಕೆ

ಬಿಚ್ಚುವಾಗ ಬಳಸಿದ ಟೇಪು, ಬಟ್ಟೆ, ಪ್ಲಾಸ್ಟಿಕ್ ಇವುಗಳ ಯಾವ ತುಣುಕೂ ನಟ್ಟು ಮತ್ತು ಚಕ್ರ ಕೂಡುವ ಸ್ಥಳದಲ್ಲಿ ಉಳಿಯಬಾರದು. ಗೀರು ತಪ್ಪಿಸಲೆಂದು ಅಲ್ಲಿ ವಾಷರ್, ರಬ್ಬರ್, ಗ್ರೀಸ್ ಅಥವಾ ಬಣ್ಣ ಹಾಕುವುದು ಅಪಾಯಕರ. ನಟ್ಟು ಲೋಹಕ್ಕೆ ಲೋಹ ತಾಗಿ ಕೂತಾಗ ಮಾತ್ರ ಬಿಗಿತ ನಿಲ್ಲುತ್ತದೆ. ನಡುವೆ ಸೇರಿದ ಮೆದುವಸ್ತು ಓಟದ ಅದುರಿಗೆ ಚಪ್ಪಟೆಯಾದೊಡನೆ ನಟ್ಟು ಸಡಿಲವಾಗುತ್ತದೆ.

ಎಲ್ಲ ನಟ್ಟುಗಳನ್ನೂ ಮೊದಲು ಕೈಯಿಂದಲೇ ತೊಡಿಸಬೇಕು. ನಾಲ್ಕು ನಟ್ಟಿನ ಚಕ್ರದಲ್ಲಿ ಎದುರುಬದುರಾಗಿ, ಐದು ನಟ್ಟಿನ ಚಕ್ರದಲ್ಲಿ ಒಂದನ್ನು ಬಿಟ್ಟು ಒಂದರಂತೆ ಬಿಗಿಮಾಡಬೇಕು. ಕಾರನ್ನು ಇಳಿಸಿದ ಬಳಿಕ ಅದೇ ಕ್ರಮದಲ್ಲಿ ಕೈಪಿಡಿ ತಿಳಿಸುವ ಮಟ್ಟಕ್ಕೆ ಬಿಗಿಗೊಳಿಸಬೇಕು. ಹೆಚ್ಚಿನ ಸಣ್ಣ ಕಾರುಗಳಲ್ಲಿ ಇದು 80ರಿಂದ 120 ನ್ಯೂಟನ್ ಮೀಟರ್‌ಗಳ ನಡುವೆ ಇರುತ್ತದೆ. 50ರಿಂದ 100 ಕಿ.ಮೀ. ಓಡಿದ ನಂತರ ಬಿಗಿತವನ್ನು ಮತ್ತೊಮ್ಮೆ ಪರೀಕ್ಷಿಸಬೇಕು.

ಸ್ಟೆಪ್ನಿ ಉಕ್ಕಿನದಾಗಿದ್ದಲ್ಲಿ ಅಲಾಯ್ ಚಕ್ರದ ನಟ್ಟುಗಳೇ ಅದಕ್ಕೂ ಹೊಂದುತ್ತವೆಯೇ ಎಂಬುದನ್ನು ಕೈಪಿಡಿಯಲ್ಲಿ ಮುಂಚಿತವಾಗಿ ನೋಡಿಕೊಂಡಿರಬೇಕು. ಗುಳಿಯ ತಳದಲ್ಲಿ ಬಿರುಕು ಅಥವಾ ತಗ್ಗು ಕಂಡುಬಂದ ಚಕ್ರವನ್ನು ಬಳಸಕೂಡದು.

7. ಪಂಕ್ಚರ್ ಅಂಗಡಿಯಲ್ಲಿ ಗಮನಿಸಬೇಕಾದುದು

ಏರ್ ಗನ್‌ಗೆ ಬಳಸುವ ಸಾಮಾನ್ಯ ಸಾಕೆಟ್ ದಪ್ಪಗೋಡೆಯದು. ಅದು ಅದುರುತ್ತಾ ವೇಗವಾಗಿ ತಿರುಗುವುದರಿಂದ ಗುಳಿಯ ಅಂಚಿಗೆ ಹಾನಿಯಾಗುತ್ತದೆ. ಕವಚವಿರುವ ಸಾಕೆಟ್ ಬಳಸುವಂತೆ, ಇಲ್ಲವೇ ಕೈ ಸ್ಪ್ಯಾನರ್‌ನಿಂದ ಬಿಚ್ಚುವಂತೆ ಕೆಲಸ ಆರಂಭಿಸುವ ಮೊದಲೇ ತಿಳಿಸಬೇಕು. ಕೊನೆಯ ಬಿಗಿತವನ್ನು ಟಾರ್ಕ್ ವ್ರೆಂಚ್‌ನಿಂದ ಮಾಡಿಸಿಕೊಳ್ಳುವುದು ಸೂಕ್ತ. ಏರ್ ಗನ್‌ನಿಂದ ಅತಿಯಾಗಿ ಬಿಗಿಮಾಡಿದ ನಟ್ಟನ್ನು ಮುಂದೆ ದಾರಿಯಲ್ಲಿ ಕೈಯಿಂದ ಬಿಚ್ಚುವುದು ಕಷ್ಟ. ತುಳಿತ ಮತ್ತು ಗೀರು ಆಗಲೇ ಆರಂಭವಾಗುತ್ತವೆ.

8. ಇತರ ಮಾಹಿತಿ

* ಟೈರಿನ ಗಾಳಿಯ ಒತ್ತಡ ಸೂಚಿಸುವ ವ್ಯವಸ್ಥೆ ಮತ್ತು ಪಂಕ್ಚರ್ ದುರಸ್ತಿ ಕಿಟ್ ಇರುವ ಕಾರುಗಳಿಗೆ ಸ್ಟೆಪ್ನಿ ಕಡ್ಡಾಯವಲ್ಲವೆಂಬ ನಿಯಮವು 01-10-2020ರಿಂದ ಜಾರಿಗೆ ಬಂದಿದೆ. ನಿಮ್ಮ ಕಾರಿನಲ್ಲಿ ಏನಿದೆ ಎಂಬುದನ್ನು ಪ್ರಯಾಣಕ್ಕೆ ಮೊದಲೇ ನೋಡಿಕೊಳ್ಳಿ.
* ಇತರರಿಗೆ ಅಪಾಯ ಅಥವಾ ಅಡಚಣೆಯಾಗುವಂತೆ ಸಾರ್ವಜನಿಕ ಸ್ಥಳದಲ್ಲಿ ವಾಹನ ನಿಲ್ಲಿಸುವುದನ್ನು ಮೋಟಾರು ವಾಹನಗಳ ಅಧಿನಿಯಮ, 1988ರ 122ನೇ ಪ್ರಕರಣವು ನಿಷೇಧಿಸುತ್ತದೆ.
* ಸುರಕ್ಷಿತ ಸ್ಥಳ ದೊರೆಯದಿದ್ದಲ್ಲಿ ಚಕ್ರ ಬದಲಿಸಲು ಮುಂದಾಗದೆ ನೆರವು ಕೋರಬೇಕು. ರಾಷ್ಟ್ರೀಯ ಹೆದ್ದಾರಿ ಸಹಾಯವಾಣಿ: 1033. ತುರ್ತು ಸೇವೆ: 112.

ವಾಹನ ಮಾಲೀಕರು ಮಳೆಗಾಲಕ್ಕೆ ಮುನ್ನ ಒಮ್ಮೆ ಮನೆಯಂಗಳದಲ್ಲಿಯೇ ಚಕ್ರವನ್ನು ಬಿಚ್ಚಿ ಜೋಡಿಸಿ, ಸಲಕರಣೆಗಳು ಸರಿಯಾಗಿವೆಯೆಂದು ಖಚಿತಪಡಿಸಿಕೊಳ್ಳಲು ಕೋರಲಾಗಿದೆ.