ಸಗಣಿ ನೆಲದಿಂದ ಕಾಂಕ್ರೀಟಿನವರೆಗೆ

ಮೇಡ್ಲೇರಿಯಲ್ಲಿ ನಾನು ಬೆಳೆದ ಮನೆಯ ನೆಲ ಮಣ್ಣಿನದು. ಗರಸು ಹರಡಿ, ನೀರು ಚಿಮುಕಿಸಿ, ಕಟ್ಟಿಗೆಯ ಧಮ್ಮಸಿನಿಂದ ಬಡಿದು ಗಟ್ಟಿಗೊಳಿಸಿದ ನೆಲವದು. ನಮ್ಮ ತಾಯಿಯವರು ವಾರಕ್ಕೊಮ್ಮೆ ಸಗಣಿಯಿಂದ ಸಾರಿಸುವಾಗ ಬಿರುಕು ಕಂಡರೆ ಅಂದೇ ಮುಚ್ಚುತ್ತಿದ್ದರು. ಕಟ್ಟಿದವರೇ ಅದರ ಮೇಲೆ ಮಲಗುತ್ತಿದ್ದುದರಿಂದ ದೋಷವನ್ನು ಅಡಗಿಸುವ ಪ್ರಶ್ನೆಯೇ ಇರಲಿಲ್ಲ. ಇಂದು ಕಟ್ಟುವವರು ಒಬ್ಬರು, ಬಾಳುವವರು ಇನ್ನೊಬ್ಬರು.

ನೆಲದ ಶಾಸ್ತ್ರ ಬಹಳ ಹಳೆಯದು. ಎರಡು ಸಾವಿರ ವರ್ಷಗಳ ಹಿಂದೆ ರೋಮಿನ ವಿಟ್ರೂವಿಯಸ್ ತನ್ನ ವಾಸ್ತುಗ್ರಂಥದ ಏಳನೆಯ ಭಾಗವನ್ನು ನೆಲದಿಂದಲೇ ಆರಂಭಿಸಿದ್ದಾನೆ. ಮೊದಲು ಭೂಮಿ ಗಟ್ಟಿಯಿದೆಯೇ ಎಂದು ಪರೀಕ್ಷಿಸಬೇಕು, ತುಂಬಿದ ಮಣ್ಣಾದರೆ ಬಹು ಎಚ್ಚರಿಕೆಯಿಂದ ಬಡಿದು ಕೂಡಿಸಬೇಕು ಎಂಬುದು ಅವನ ಉಪದೇಶ. ನಮ್ಮಲ್ಲಿ ಸುಣ್ಣದ ಗಚ್ಚು ಇತ್ತು. ಸುಟ್ಟ ಇಟ್ಟಂಗಿಯ ಪುಡಿಯನ್ನು ಸುಣ್ಣದೊಡನೆ ಬೆರೆಸಿದ ಸುರ್ಕಿ ಗಾರೆಯಿಂದಲೇ ಕನ್ನಂಬಾಡಿ ಕಟ್ಟೆ ಎದ್ದಿತು. ಇಂಗ್ಲೆಂಡಿನ ಜೋಸೆಫ್ ಆಸ್ಪಡಿನ್ 1824ರಲ್ಲಿ ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಪೇಟೆಂಟ್ ಪಡೆದ. ನಮ್ಮ ದೇಶದಲ್ಲಿ 1904ರಲ್ಲಿ ಮದ್ರಾಸಿನಲ್ಲಿ ಪ್ರಯತ್ನ ನಡೆಯಿತಾದರೂ ಉದ್ಯಮ ನೆಲೆಯೂರಿದ್ದು 1914ರಲ್ಲಿ ಪೋರಬಂದರಿನಲ್ಲಿ. ನಮ್ಮೂರಿನ ಉಳ್ಳವರ ಮನೆಗಳಿಗೆ ಮೊದಲು ಶಹಾಬಾದಿನ ಫರಸಿ ಬಂತು. ಕಾಂಕ್ರೀಟು ಆಮೇಲೆ ಬಂದದ್ದು.

ಇಷ್ಟೆಲ್ಲ ನೆನಪಾಗಲು ಕಾರಣವಿದೆ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ರಾಣೆಬೆನ್ನೂರಿನಲ್ಲಿ ಹೊಸ ಮನೆಯೊಂದನ್ನು ಕೊಳ್ಳಲು ಹೊರಟಿದ್ದ. ಹದಿನೆಂಟು ವರ್ಷಗಳ ಉಳಿತಾಯ, ಮೇಲೆ ಬ್ಯಾಂಕಿನ ಸಾಲ. ‘ಒಮ್ಮೆ ನೋಡಿ ಹೇಳ್ರೀ ಸರ್’ ಎಂದ. ನನಗೇನು ತಿಳಿದೀತು? ನಮ್ಮೂರಿನ ವೃದ್ಧ ಗೌಂಡಿಯೊಬ್ಬರನ್ನು ಜೊತೆಗೆ ಕರೆದುಕೊಂಡು ಹೋದೆ.

ಪಡಸಾಲೆಯ ನೆಲದಲ್ಲಿ ಜೇಡರ ಬಲೆಯಂತೆ ಸಣ್ಣ ಸಣ್ಣ ಗೆರೆಗಳಿದ್ದವು. ಹುಡುಗ ಗಾಬರಿಯಾದ. ‘ಇದಕ್ಕ ಅಂಜಬ್ಯಾಡ್ರಿ, ಮೈ ಲಗೂ ಒಣಗೇದ’ ಎಂದರು ಗೌಂಡಿಗಳು. ಹಿಂದೆ ಹೊಸ ನೆಲಕ್ಕೆ ಮಣ್ಣಿನ ಒಡ್ಡು ಕಟ್ಟಿ ದಿನಗಟ್ಟಲೆ ನೀರು ನಿಲ್ಲಿಸುತ್ತಿದ್ದರು. ಇಂದು ಬಳಕೆಯಲ್ಲಿರುವ ಮಿಶ್ರ ಸಿಮೆಂಟಿಗೆ ಕನಿಷ್ಠ ಹತ್ತು ದಿನ ತೇವ ಬೇಕೆಂದು ಭಾರತೀಯ ಮಾನಕವೂ ಹೇಳುತ್ತದೆ. ಆತುರಪಟ್ಟರೆ ಇಂಥ ಗೆರೆ ಏಳುತ್ತದೆ, ನೆಲ ಬೂದಿಯಂತೆ ಧೂಳು ಬಿಡುತ್ತದೆ.

ಒಳಕೋಣೆಯ ದೋಷ ಬೇರೆಯದು. ಮೂಲೆಯಿಂದ ಹೊರಟ ಬಿರುಕಿನ ಒಂದು ಬದಿ ರೂಪಾಯಿ ನಾಣ್ಯದ ದಪ್ಪದಷ್ಟು ತಗ್ಗಾಗಿತ್ತು. ಗೋಡೆಯ ಬುಡದಲ್ಲಿ ನೆಲ ಬಿಟ್ಟುಕೊಂಡು ಸಂದು ಬಿದ್ದಿತ್ತು. ಗೌಂಡಿಗಳು ಕೋಲಿನಿಂದ ಕುಟ್ಟಿದರೆ ಟೊಳ್ಳು ಸದ್ದು. ‘ಮಾಸ್ತರ್ರ, ಇದು ಸಿಮೆಂಟಿನ ತಪ್ಪಲ್ರೀ, ಕೆಳಗಿನ ಮಣ್ಣಿಂದು’ ಎಂದರು. ಪಾಯ ಅಗೆದಾಗ ಬಂದ ಎರೆಮಣ್ಣನ್ನೇ ಒಳಗೆ ತುಂಬಿ, ಬಡಿಯದೆ ಮೇಲೆ ಕಾಂಕ್ರೀಟು ಹಾಕಿದ್ದರೆಂದು ಅವರ ಊಹೆ. ಎರೆಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗುತ್ತದೆ ಎಂಬುದನ್ನು ನಮ್ಮ ಸೀಮೆಯ ರೈತನಿಗೆ ಯಾರೂ ಕಲಿಸಬೇಕಿಲ್ಲ.

ನೆಲ ಅಗೆದು, ಗರಸು ತುಂಬಿ, ಪದರ ಪದರವಾಗಿ ನೀರು ಹೊಯ್ದು ಬಡಿದು ಕೊಟ್ಟರೆ ಮಾತ್ರ ನೋಂದಣಿ ಎಂದು ಹುಡುಗ ಕೇಳಿದ. ಮಾರುವವರು ಮೇಲೆ ಟೈಲ್ಸ್ ಹಾಕಿಸಿಕೊಡುತ್ತೇವೆ ಎಂದರು. ಟೈಲ್ಸ್ ಬಿರುಕನ್ನು ಮುಚ್ಚೀತು, ಕುಸಿತವನ್ನು ನಿಲ್ಲಿಸದು. ಅವನು ಆ ಮನೆಯನ್ನು ಬಿಟ್ಟ. ಮನೆಯನ್ನು ಮೆಚ್ಚಿಕೊಂಡಿದ್ದ ಅವನ ಹೆಂಡತಿ ಮರಳುವ ದಾರಿಯುದ್ದಕ್ಕೂ ಮಾತಾಡಲಿಲ್ಲ.

ಓದುಗ ಮಿತ್ರರೇ, ಮನೆ ನೋಡಲು ಹೋದಾಗ ಬಣ್ಣ ನೋಡುವ ಮೊದಲು ಚಪ್ಪಲಿ ಕಳಚಿ ಬರಿಗಾಲಲ್ಲಿ ನಡೆಯಿರಿ. ಕುಟ್ಟಿ ಆಲಿಸಿರಿ. ಬಚ್ಚಲಲ್ಲಿ ಒಂದು ಕೊಡ ನೀರು ಚೆಲ್ಲಿ ಅದು ಎತ್ತ ಹರಿಯುತ್ತದೆಂದು ನೋಡಿರಿ. ಮಣ್ಣಿನ ನೆಲ ತನ್ನ ತಪ್ಪನ್ನು ತಾನೇ ತೋರುತ್ತಿತ್ತು; ಕಾಂಕ್ರೀಟಿನ ತಪ್ಪನ್ನು ನಾವೇ ಹುಡುಕಬೇಕಾಗಿದೆ.