ಬೆರಳಿಗೆ ಕಾಣುವ ಆಟಗಳು



ಪುಣೆಯಿಂದ ಅಹಮದ್‌ನಗರದ, ಅಂದರೆ ಈಗಿನ ಅಹಿಲ್ಯಾನಗರದ ರಸ್ತೆಯಲ್ಲಿ ಸುಮಾರು 50 ಕಿಲೋಮೀಟರ್ ಹೋದರೆ ರಾಂಜಣಗಾಂವ ಸಿಗುತ್ತದೆ. ಅಷ್ಟವಿನಾಯಕ ಯಾತ್ರೆ ಮಾಡಿದವರಿಗೆ ಅಲ್ಲಿನ ಮಹಾಗಣಪತಿ ಗೊತ್ತು. ಕೆಲಸ ಹುಡುಕಿಕೊಂಡು ಬಂದವರಿಗೆ ಅಲ್ಲಿನ ಕೈಗಾರಿಕಾ ಪ್ರದೇಶ ಗೊತ್ತು. ಅಲ್ಲಿ ನೆಲೆಸಿದ ನಮ್ಮ ಕಡೆಯವರ ಮನೆಗೆ ಮಳೆಗಾಲದ ಒಂದು ಭಾನುವಾರ ಹೋಗಿದ್ದೆ. ನಡುಮನೆಯಲ್ಲಿ ಮಕ್ಕಳು ಲೂಡೋ ಆಡುತ್ತಿದ್ದರು. ಪುತ್ತೂರು ಕಡೆಯಿಂದ ಮಗನ ಮನೆಗೆ ಬಂದಿದ್ದ ಅಜ್ಜಿ ಗೋಡೆಗೊರಗಿ ಕೂತಿದ್ದರು. ಅವರಿಗೆ ಕಣ್ಣು ಹೋಗಿ ಕೆಲವು ವರ್ಷಗಳಾಗಿವೆ. "ನನ್ನನ್ನೂ ಸೇರಿಸ್ಕೊಳ್ಳಿ ಮಕ್ಕಳೇ" ಎಂದರು. "ಅಜ್ಜಿ, ನಿಮಗೆ ಕಾಣೋದಿಲ್ಲ ಅಲ್ವಾ?" ಎಂದಳು ಮೊಮ್ಮಗಳು. ಮಗು ಸುಳ್ಳು ಹೇಳಲಿಲ್ಲ. ಆದರೂ ಅಜ್ಜಿಯ ಮುಖ ಸಣ್ಣದಾಯಿತು.

ಸ್ವಲ್ಪ ಹೊತ್ತಿನ ಮೇಲೆ ಅವರು "ಮಂಚದ ಅಡಿಯ ಚೆನ್ನೆಮಣೆ ತಾ ಮಗಾ" ಎಂದರು. ಮಣೆ ಬಂತು, ಬಟ್ಟೆ ಚೀಲದಿಂದ ಕಾಳು ಬಂತು. ಮುಂದಿನ ಒಂದು ಗಂಟೆಯಲ್ಲಿ ಅಜ್ಜಿ ಮೊಮ್ಮಗಳನ್ನೂ, ಮಗನನ್ನೂ, ನನ್ನನ್ನೂ ಸೋಲಿಸಿದರು.

ಊರಿಗೆ ಮರಳುವ ದಾರಿಯುದ್ದಕ್ಕೂ ಒಂದೇ ಪ್ರಶ್ನೆ ತಲೆ ತಿನ್ನುತ್ತಿತ್ತು. ಒಂದೇ ಮನೆ, ಒಂದೇ ಅಜ್ಜಿ. ಲೂಡೋದಲ್ಲಿ ಅವರಿಗೆ ಜಾಗವಿಲ್ಲ, ಚೆನ್ನೆಮಣೆಯಲ್ಲಿ ಅವರೇ ರಾಣಿ. ಹಾಗಾದರೆ ಕೊರತೆ ಇರುವುದು ಅಜ್ಜಿಯ ಕಣ್ಣಲ್ಲೋ, ಆಟದ ಹಾಸಿನಲ್ಲೋ?

ಚೆನ್ನೆಮಣೆಯನ್ನು ನೀವು ನೋಡಿರುತ್ತೀರಿ. ಹಳೆ ಮೈಸೂರು ಕಡೆಯವರು ಅದನ್ನು ಅಳಗುಳಿ ಮಣೆ ಎನ್ನುತ್ತಾರೆ. ಮರದ ಮಣೆಯಲ್ಲಿ ಸಾಲಿಗೆ ಏಳರಂತೆ ಎರಡು ಸಾಲು, ಒಟ್ಟು 14 ಗುಳಿ. ಗುಳಿಗೆ ನಾಲ್ಕರಂತೆ 56 ಕಾಳು. ಹುಣಸೆಬೀಜವಾಗಲಿ, ಮಂಜೊಟ್ಟಿಯಾಗಲಿ, ಕವಡೆಯಾಗಲಿ, ಯಾವುದಾದರೂ ಸರಿ. ಒಂದು ಗುಳಿಯ ಕಾಳನ್ನೆಲ್ಲ ಬಾಚಿಕೊಂಡು ಮುಂದಿನ ಗುಳಿಗಳಿಗೆ ಒಂದೊಂದೇ ಹಾಕುತ್ತ ಹೋಗಬೇಕು. ಕೈ ಬರಿದಾದಾಗ ಮುಂದಿನ ಗುಳಿಯಿಂದ ಮತ್ತೆ ಎತ್ತಬೇಕು. ಆ ಗುಳಿಯೂ ಖಾಲಿಯಿದ್ದರೆ ಅದರಾಚೆಯ ಗುಳಿಯ ಕಾಳು ಆಡಿದವರ ಪಾಲು. ಊರಿಂದೂರಿಗೆ ಪದ್ಧತಿ ಬೇರೆ, ಆದರೆ ಎಲ್ಲ ಕಡೆಯೂ ಕೆಲಸ ಬೆರಳಿನದೇ. ಗುಳಿಯೊಳಗೆ ಬೆರಳಿಟ್ಟರೆ ಎಷ್ಟು ಕಾಳಿದೆ ಎಂದು ತಿಳಿಯುತ್ತದೆ. ಕಾಳಿಗೆ ಬಣ್ಣದ ಭೇದವಿಲ್ಲ, ಬರಹವಿಲ್ಲ. ಅಂಧರಿಗಾಗಿ ಈ ಆಟದಲ್ಲಿ ಏನನ್ನೂ ಬದಲಿಸಬೇಕಾಗಿಲ್ಲ.

ಚೌಕಾಬಾರವೂ ಹೀಗೆಯೇ. ನಾಲ್ಕು ಕವಡೆ ಉರುಳಿಸಿ ಎಷ್ಟು ಬಾಯಿ ಮೇಲಾಗಿ ಬಿದ್ದವೆಂದು ಎಣಿಸುತ್ತೇವೆ. ನಾಲ್ಕೂ ಮೇಲಾದರೆ ಚೌಕ, ನಾಲ್ಕೂ ಕವುಚಿ ಬಿದ್ದರೆ ಬಾರ, ಅಂದರೆ ಎಂಟು. ಕವಡೆಯ ಒಂದು ಮೈ ನುಣುಪು, ಇನ್ನೊಂದು ಮೈಗೆ ಹಲ್ಲಿನಂಥ ಸೀಳು. ಮುಟ್ಟಿದರೆ ಸಾಕು. ಇನ್ನು ಕಾಯಿಗಳೆಂದರೆ ಒಬ್ಬರದು ಬಳೆಚೂರು, ಒಬ್ಬರದು ಹುಣಸೆಬೀಜ, ಒಬ್ಬರದು ಕಲ್ಲಿನ ಹರಳು. ಬಡತನಕ್ಕೆ ಸಿಕ್ಕಿದ ಕಾಯಿಗಳು ಇವು. ಆದರೆ ನಾಲ್ವರ ಕಾಯಿಯೂ ಬೆರಳಿಗೆ ಬೇರೆ ಬೇರೆ ಎಂದು ತಿಳಿಯುತ್ತಿತ್ತು. ಪಗಡೆಯ ಹಾಸು ಹೊಲಿದ ಬಟ್ಟೆ. ಅದರ ಹೊಲಿಗೆಯೂ ಕಸೂತಿಯೂ ಕೈಗೆ ಸಿಗುತ್ತವೆ. ದಾಳದ ಚುಕ್ಕಿಗಳು ಕೊರೆದ ಚುಕ್ಕಿಗಳು.

ಇದೇ ಪಗಡೆ ಸಮುದ್ರ ದಾಟಿ ಇಂಗ್ಲೆಂಡಿಗೆ ಹೋಗಿ, 1896ರಲ್ಲಿ ಲೂಡೋ ಎಂಬ ಹೆಸರಿನಲ್ಲಿ ಅಲ್ಲಿ ಪೇಟೆಂಟ್ ಪಡೆಯಿತು. ಬಟ್ಟೆಯ ಜಾಗದಲ್ಲಿ ಅಚ್ಚು ಹಾಕಿದ ರಟ್ಟು ಬಂತು. ಮನೆಗಳು ಬರೀ ಬಣ್ಣವಾದವು, ಕಾಯಿಗಳೆಲ್ಲ ಒಂದೇ ಆಕಾರದವಾದವು. ಆಟ ಅಗ್ಗವಾಯಿತು, ಮನೆಮನೆಗೂ ತಲುಪಿತು. ಆದರೆ ಕೈಯ ಆಟ ಕಣ್ಣಿನ ಆಟವಾಯಿತು. ರಾಂಜಣಗಾಂವದ ಆ ಅಜ್ಜಿಯನ್ನು ಹೊರಗಿಟ್ಟದ್ದು ಆ ರಟ್ಟಿನ ನುಣುಪು.

ಚದುರಂಗದ ಕಥೆ ಸ್ವಲ್ಪ ಬೇರೆ. ಈ ಆಟ ನಿಜವಾಗಿ ನಡೆಯುವುದು ತಲೆಯೊಳಗೆ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಹಲಗೆಯಾಟಗಳ ದೊಡ್ಡ ಪ್ರೇಮಿ. 64 ಮನೆಗಳನ್ನೂ ಕುದುರೆ ಒಂದೊಂದು ಸಲ ಮಾತ್ರ ಮುಟ್ಟಿಬರುವ ಲೆಕ್ಕಗಳನ್ನು ಅವರು ರಚಿಸಿದ್ದರು. ಹಳೆಯ ಅವಧಾನಗಳಲ್ಲಿ ಹಲಗೆ ನೋಡದೆ ಚದುರಂಗ ಆಡುವುದೂ ಒಂದು ಅಂಗವಾಗಿತ್ತು. ಫ್ರಾನ್ಸಿನ ಫಿಲಿಡೋರ್ 1783ರಲ್ಲಿ ಲಂಡನ್ನಿನಲ್ಲಿ ಹಲಗೆ ನೋಡದೆಯೇ ಏಕಕಾಲಕ್ಕೆ ಒಬ್ಬರಿಗಿಂತ ಹೆಚ್ಚು ಜನರೊಡನೆ ಆಡಿ ಜನರನ್ನು ಬೆರಗುಗೊಳಿಸಿದ.

ಆದರೆ ಇವೆಲ್ಲ ಕಣ್ಣಿದ್ದವರ ಚಮತ್ಕಾರ. ಅಂಧರು ಆಡಬೇಕಾದರೆ ಅವಧಾನಿಗಳೇ ಆಗಿರಬೇಕೆ? ಸಾಮಾನ್ಯ ಅಂಧ ಹುಡುಗನಿಗೆ ಬೇಕಾದದ್ದು ಮುಟ್ಟಿ ತಿಳಿಯಬಹುದಾದ ಒಂದು ಹಲಗೆ. ಮಾಮೂಲಿ ಹಲಗೆಯನ್ನು ತಡವಿದರೆ ಕಾಯಿಗಳು ಉರುಳಿಬೀಳುತ್ತವೆ. ಇದಕ್ಕೆ ಕಂಡುಕೊಂಡ ಉಪಾಯ ಬಡಗಿಯ ಕೆಲಸದಷ್ಟು ಸರಳ. ಪ್ರತಿ ಮನೆಗೂ ಒಂದು ತೂತು, ಪ್ರತಿ ಕಾಯಿಯ ಅಡಿಗೆ ಒಂದು ಗೂಟ. ಕಪ್ಪು ಮನೆಗಳು ಬಿಳಿ ಮನೆಗಳಿಗಿಂತ ತುಸು ಎತ್ತರ. ಒಂದು ಬಣ್ಣದ ಕಾಯಿಗಳ ತಲೆಯ ಮೇಲೆ ಮೊಳೆಯಂಥ ಗುರುತು. ಅಷ್ಟೇ.

ಹಲಗೆಯ ಜೊತೆ ನಿಯಮವೂ ತುಸು ಬದಲಾಗಬೇಕಾಯಿತು. ಮುಟ್ಟಿದ ಕಾಯಿಯನ್ನು ಆಡಲೇಬೇಕು ಎಂಬುದು ಚದುರಂಗದ ಕಟ್ಟಳೆ. ಅಂಧರಿಗೆ ಮುಟ್ಟುವುದೇ ನೋಡುವುದು. ಹಾಗಾಗಿ ಕಾಯಿಯನ್ನು ತೂತಿನಿಂದ ಮೇಲೆತ್ತಿದರೆ ಮಾತ್ರ ಅದನ್ನು ಮುಟ್ಟಿದಂತೆ ಎಂದು ನಿಯಮವಾಯಿತು. ಆಡುವವರು ತಮ್ಮ ತಮ್ಮ ಹಲಗೆ ಇಟ್ಟುಕೊಳ್ಳಬಹುದು. ಪ್ರತಿ ನಡೆಯನ್ನೂ ಬಾಯಿಬಿಟ್ಟು ಹೇಳಬೇಕು; ಎದುರಾಳಿ ಅದನ್ನು ಮರುನುಡಿದು ತನ್ನ ಹಲಗೆಯಲ್ಲಿ ನಡೆಸಬೇಕು. ಬಿ, ಸಿ, ಡಿ, ಇ ಅಕ್ಷರಗಳು ಕಿವಿಗೆ ಒಂದೇ ತೆರನಾಗಿ ಕೇಳುತ್ತವಲ್ಲ, ಅದಕ್ಕೆ ಎಂಟು ಸಾಲುಗಳಿಗೆ ಆನಾ, ಬೆಲ್ಲಾ, ಸೀಸರ್, ಡೇವಿಡ್, ಇವಾ, ಫೆಲಿಕ್ಸ್, ಗುಸ್ತಾವ್, ಹೆಕ್ಟರ್ ಎಂದು ಹೆಸರಿಟ್ಟರು. ನಡೆಗಳನ್ನು ಬ್ರೈಲ್‌ನಲ್ಲಿ ಬರೆದುಕೊಳ್ಳಬಹುದು, ಧ್ವನಿಮುದ್ರಿಸಿಕೊಳ್ಳಲೂಬಹುದು. ಉಳಿದಂತೆ ಆಟದಲ್ಲಿ ರಿಯಾಯಿತಿ ಇಲ್ಲ. ಕಣ್ಣಿದ್ದವರ ಎದುರು ಕೂತರೂ ಸಮಬಲದ ಆಟ.

ಇದನ್ನು ಜಗತ್ತಿಗೆ ಹರಡಿದವರಲ್ಲಿ ಇಂಗ್ಲೆಂಡಿನ ವೂಸ್ಟರ್‌ನ ಅಂಧರ ಶಾಲೆಯಲ್ಲಿ ಮೇಷ್ಟರಾಗಿದ್ದ ಆರ್. ಡಬ್ಲ್ಯು. ಬೋನ್‌ಹ್ಯಾಮ್ ಮುಖ್ಯರು. ಸ್ವತಃ ಅಂಧರಾಗಿದ್ದ ಅವರು 1934ರಲ್ಲಿ ಬ್ರೈಲ್ ಚದುರಂಗ ಪತ್ರಿಕೆ ಹೊರಡಿಸಿದರು. ಅಂಚೆಯ ಮೂಲಕ ದೇಶದೇಶಗಳ ಅಂಧರು ಆಡತೊಡಗಿದರು. 1958ರಲ್ಲಿ ಜರ್ಮನಿಯ ರೈನ್‌ಬ್ರೈಟ್‌ಬಾಖ್‌ನಲ್ಲಿ ಅವರು ಎದುರುಬದುರು ಕೂತು ಆಡಿದರು. 1961ರಲ್ಲಿ ಅದೇ ದೇಶದ ಮೆಶೆಡೆಯಲ್ಲಿ ಅಂಧರ ಮೊದಲ ಚದುರಂಗ ಒಲಿಂಪಿಯಾಡ್ ನಡೆಯಿತು.

ನಮ್ಮ ದೇಶದಲ್ಲಿ ಈ ಕೆಲಸ ಗಟ್ಟಿಯಾಗಿ ನಿಂತದ್ದು 1990ರ ದಶಕದ ಕೊನೆಗೆ. ಹುಡುಗನಾಗಿದ್ದಾಗಲೇ ದೃಷ್ಟಿ ಕಳೆದುಕೊಂಡ ಮಹಾರಾಷ್ಟ್ರದ ಚಾರುದತ್ತ ಜಾಧವ್ ಅಖಿಲ ಭಾರತ ಅಂಧರ ಚದುರಂಗ ಒಕ್ಕೂಟವನ್ನು ಕಟ್ಟಿದರು. ಊರೂರು ತಿರುಗಿ ಮಕ್ಕಳನ್ನು ಹುಡುಕಿ ತರಬೇತಿ ಕೊಡಿಸಿದರು. 2012ರಲ್ಲಿ ಅಂಧರ ಚದುರಂಗ ಒಲಿಂಪಿಯಾಡ್ ಚೆನ್ನೈಗೇ ಬಂತು. ಈ ಮಕ್ಕಳ ಬದುಕನ್ನು ಕುರಿತು ಇಯನ್ ಮೆಕ್‌ಡೊನಾಲ್ಡ್ ತೆಗೆದ 'ಅಲ್ಗಾರಿದಮ್ಸ್' ಎಂಬ ಸಾಕ್ಷ್ಯಚಿತ್ರವೂ ಅದೇ ವರ್ಷದ್ದು.

ಕನ್ನಡಿಗರು ಹೆಮ್ಮೆಪಡುವ ಹೆಸರು ಶಿವಮೊಗ್ಗದ ಕಿಶನ್ ಗಂಗೊಳ್ಳಿ. ಅವರಿಗೆ ಭಾಗಶಃ ದೃಷ್ಟಿ ಮಾತ್ರ ಇದೆ. 2018ರಲ್ಲಿ ಜಕಾರ್ತದ ಏಷ್ಯನ್ ಪ್ಯಾರಾ ಕ್ರೀಡಾಕೂಟದಲ್ಲಿ ಅವರು ರ‍್ಯಾಪಿಡ್ ಚದುರಂಗದ ತಮ್ಮ ವಿಭಾಗದಲ್ಲಿ ಚಿನ್ನ ಗೆದ್ದರು. ಅದೇ ಕೂಟದಲ್ಲಿ ತಮಿಳುನಾಡಿನ ಜೆನ್ನಿತಾ ಆಂಟೊ ಕೂಡ ಚಿನ್ನ ತಂದರು. 2023ರಲ್ಲಿ ಚೀನಾದ ಹಾಂಗ್‌ಝೌನಲ್ಲಿ ವಡೋದರದ ದರ್ಪಣ್ ಇನಾನಿ ಚಿನ್ನ ಗೆದ್ದಾಗ, ಕಿಶನ್ ಇದ್ದ ತಂಡ ಕಂಚು ಗೆದ್ದಿತು.

ಇಷ್ಟನ್ನೆಲ್ಲ ಹೇಳಿದ್ದು ಪದಕದ ಪಟ್ಟಿ ಒಪ್ಪಿಸಲು ಅಲ್ಲ. ಒಂದು ತೂತು, ಒಂದು ಗೂಟ, ಬಾಯಿಬಿಟ್ಟು ಹೇಳಿದ ಒಂದು ಮಾತು, ಇಷ್ಟರಿಂದ ಇಷ್ಟು ದೂರ ಹೋಗಬಹುದಾದರೆ, ನಮ್ಮ ನಮ್ಮ ಮನೆಯಲ್ಲಿ ಏನು ಮಾಡಬಹುದೆಂದು ನೀವೇ ಯೋಚಿಸಿ. ಚೌಕಾಬಾರದ ಗೆರೆಗಳನ್ನು ಸೀಮೆಸುಣ್ಣದಲ್ಲಿ ಎಳೆಯುವ ಬದಲು ಹಲಗೆಯ ಮೇಲೆ ಸೆಣಬಿನ ದಾರ ಅಂಟಿಸಿ. ಕಟ್ಟೆಮನೆಗಳಿಗೆ ಒಂದೊಂದು ತುಂಡು ಒರಟು ಬಟ್ಟೆ ಹಚ್ಚಿ. ಕಾಯಿಗೆ ಗುಂಡಿ, ಹುಣಸೆಬೀಜ, ಹರಳು, ಬಳೆಚೂರು ಆಗಬಹುದು. ಕವಡೆ ಚೆಲ್ಲಾಪಿಲ್ಲಿಯಾಗದಂತೆ ಅಂಚಿರುವ ತಟ್ಟೆಯಲ್ಲಿ ಉರುಳಿಸಿ. ಎಲ್ಲಕ್ಕಿಂತ ಮುಖ್ಯವಾಗಿ, ಯಾರು ಎಷ್ಟು ಹಾಕಿದರು, ಯಾವ ಕಾಯಿ ಎಲ್ಲಿಗೆ ಹೋಯಿತು ಎಂಬುದನ್ನು ಗಟ್ಟಿಯಾಗಿ ಹೇಳುತ್ತ ಆಡಿ.

ಕೇಳಿ ಕಾಣುವುದು ಬಾನುಲಿ ಕೇಳುಗರಾದ ನಿಮಗೆ ಹೊಸತೇನಲ್ಲ. ಕ್ರಿಕೆಟ್ ವೀಕ್ಷಕ ವಿವರಣೆ ಕೇಳುತ್ತ ಇಡೀ ಮೈದಾನವನ್ನೇ ಕಣ್ಣೆದುರು ತಂದುಕೊಂಡವರು ನಾವು. ಅದೇ ಉಪಕಾರವನ್ನು ಮನೆಯ ಮೂಲೆಯಲ್ಲಿ ಕೂತವರಿಗೆ ನಾವು ಮಾಡಬೇಕು.

ರಾಂಜಣಗಾಂವದಿಂದ ಹೊರಡುವಾಗ ಮೊಮ್ಮಗಳು ಕಣ್ಣು ಮುಚ್ಚಿಕೊಂಡು ಚೆನ್ನೆಮಣೆಯ ಗುಳಿಗಳನ್ನು ತಡವುತ್ತಿದ್ದಳು. ಅಜ್ಜಿ ಪಕ್ಕದಲ್ಲಿ ಕೂತು, "ಅವಸರ ಬೇಡ, ಮೊದಲು ಎಣಿಸು" ಎಂದು ಹೇಳಿಕೊಡುತ್ತಿದ್ದರು.